ಕೂಗಿ ಕರೆಯುವ ಬೇಟೆ: ಕಿತ್ತೂರ ಸೀಮೆಯ ಒಂದು ಮರೆತ ವಿದ್ಯೆ

ಬೇಟೆಯೆಂದರೆ ಮೃಗದ ಬೆನ್ನಟ್ಟಿ ಓಡುವದೆಂದು ಜನರ ಸಾಮಾನ್ಯ ತಿಳಿವಳಿಕೆ. ಅರಸುಮಕ್ಕಳ ಬೇಟೆಯು ಬಹುಮಟ್ಟಿಗೆ ಹಾಗೆಯೇ ಇದ್ದಿತು. ಕುದುರೆಗಳು, ನಾಯಿಗಳು, ಅಡವಿಯನ್ನು ಸೋವುವ ಆಳುಗಳ ಗದ್ದಲ, ಇವೇ ಅದರ ಅಂಗಗಳು. ಆದರೆ ಬೇಟೆಗಾರನು ಕುಳಿತಲ್ಲಿಗೇ ಮೃಗವನ್ನು ಬರಮಾಡಿಕೊಳ್ಳುವ ಇನ್ನೊಂದು ಬೇಟೆಯುಂಟು. ಅದಕ್ಕೆ ಕಾಲಿನ ವೇಗ ಬೇಡ. ಕೊರಳಿನ ಹದ, ಕಿವಿಯ ಸೂಕ್ಷ್ಮತೆ, ಋತುವಿನ ಅರಿವು ಬೇಕು. ಮಲಪ್ರಭೆಯ ನೀರುಂಡ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ವಿದ್ಯೆಯು ಬಹುಕಾಲ ಬಾಳಿತು. ಅದು ಅಳಿದ ಬಗೆಯಾದರೋ ನಾಡಿನ ಇತಿಹಾಸದಲ್ಲಿ ಹೆಚ್ಚಾಗಿ ಬರೆಯದೆ ಬಿಟ್ಟ ಒಂದು ಪುಟವಾಗಿದೆ.

ಈ ವಿದ್ಯೆಯು ಹೊಸದಲ್ಲ. ಮೃಗವನ್ನು ಮರುಳುಗೊಳಿಸುವದಕ್ಕಾಗಿ ಪಳಗಿಸಿದ ಮೃಗಕ್ಕೆ ಕನ್ನಡದಲ್ಲಿ ‘ದೀವ’ವೆಂಬ ಹಳೆಯ ಹೆಸರೇ ಉಂಟು. ಸವದತ್ತಿಯ ರಟ್ಟರು ಕೂಂಡಿ ಮೂರುಸಾವಿರವನ್ನು ಆಳುತ್ತಿದ್ದ ಕಾಲದಲ್ಲಿ, ಅವರ ಮೇಲರಸನಾದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (ಕ್ರಿ.ಶ. 1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಒಂದು ವಿನೋದವಾಗಿ ಎಣಿಸಿ, ದೀವದ ಜಿಂಕೆಯಿಂದ ಕಾಡಜಿಂಕೆಯನ್ನು ಹಿಡಿಯುವ ಕ್ರಮವನ್ನೂ ಹೇಳಿದ್ದಾನೆ. ಅರಸನಿಗೆ ವಿನೋದವಾದುದು ಬಡವನಿಗೆ ಹೊಟ್ಟೆಯ ಪಾಡಾಗಿದ್ದಿತು.

ಆ ಬಡವರು ಯಾರೆಂದರೆ, ಈ ಭಾಗದಲ್ಲಿ ಅಡವಿಚಿಂಚೇರರೆಂದೂ ಚಿಗರಿ ಬೇಟೆಗಾರರೆಂದೂ ಹರಣಶಿಕಾರಿಗಳೆಂದೂ ಕರೆಯಲ್ಪಟ್ಟ ಪಾರಧಿಗಳು. ಗುಜರಾತಿಗೆ ಸಮೀಪವಾದ ಮನೆಮಾತು, ಊರ ಹೊರಗಿನ ಬಿಡಾರ, ಉರುಲು ಬಲೆಗಳೇ ಆಸ್ತಿ. ಬಂದೂಕಿನ ಹಂಗು ಇವರಿಗಿರಲಿಲ್ಲ. ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಮೃಗವನ್ನು ಸಮೀಪಿಸುವದೂ, ಹಕ್ಕಿ-ಪ್ರಾಣಿಗಳ ದನಿಯನ್ನು ಬಾಯಿಂದಲೇ ಹೊರಡಿಸುವದೂ ಇವರಿಗೆ ಕರಗತವಾಗಿದ್ದವು. ಇವರಂತೆಯೇ ಗುಜರಾತಿಗೆ ಹತ್ತಿರದ ನುಡಿಯನ್ನಾಡುವ ತಮಿಳುನಾಡಿನ ಕುರುವಿಕಾರರು ಕತ್ತಲಲ್ಲಿ ಅಡಗಿ ಕುಳಿತು, ನರಿಯಂತೆ ಊಳಿಟ್ಟು ನರಿಗಳನ್ನು ಬರಮಾಡಿಕೊಳ್ಳುತ್ತಿದ್ದುದನ್ನು ಎಡ್ಗರ್ ಥರ್ಸ್ಟನ್ನನು 1909 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ನರಿಯ ಕೂಗು ಗಿರಿಯನ್ನು ಮುಟ್ಟೀತೇ ಎಂಬ ಗಾದೆಯುಂಟು. ಬೇಟೆಗಾರನ ಹುಸಿಕೂಗು ಮಾತ್ರ ನರಿಯನ್ನು ತಪ್ಪದೆ ಮುಟ್ಟುತ್ತಿತ್ತು.

ಈ ವಿದ್ಯೆಯಲ್ಲಿ ಹೊಸಬನು ಮೊದಲು ಅರಿಯಬೇಕಾದುದು ಗಾಳಿಯನ್ನು. ಕೂಗು ಆಮೇಲಿನ ಮಾತು. ದನಿಯನ್ನು ಕೇಳಿದ ನರಿಯು ನೆಟ್ಟಗೆ ಬರುವದು ಅಪೂರ್ವ. ಅದು ಬಳಸಿಕೊಂಡು ಗಾಳಿಯ ಇಳಿಗಡೆಗೆ ಬಂದು, ವಾಸನೆಯಿಂದ ಸತ್ಯವನ್ನು ಪರೀಕ್ಷಿಸುತ್ತದೆ. ಮುಂಗಾರಿನಲ್ಲಿ ಇಲ್ಲಿ ಗಾಳಿಯು ಪಡುವಲಿನಿಂದ ಬೀಸಿದರೆ, ಚಳಿಗಾಲದಲ್ಲಿ ಮೂಡಲಿನಿಂದ ಬೀಸುವದು. ಆದುದರಿಂದ ಆಷಾಢದಲ್ಲಿ ಮರೆಯಾಗಿ ಒದಗಿದ ಬದುವು ಪುಷ್ಯದಲ್ಲಿ ಒದಗಲಾರದು.

ಋತುವಿಗೊಂದು ಪಾಠ. ಚೈತ್ರದಿಂದ ಭಾದ್ರಪದದವರೆಗೆ ಗಂಡು ಕೌಜುಗವು ತನ್ನ ನೆಲೆಯನ್ನು ಕಾಯುತ್ತದೆ. ಪಂಜರದ ಸಾಕುಹಕ್ಕಿಯು ಕೂಗಿದೊಡನೆ ಕಾದಲು ಓಡಿಬಂದು ಸುತ್ತಲಿನ ಉರುಲಿಗೆ ಸಿಕ್ಕುತ್ತದೆ. ಹೊಸಬನಿಗೆ ಇದೇ ಓನಾಮ. ಇಲ್ಲಿ ಕೂಗುವ ಕೆಲಸ ಹಕ್ಕಿಯದು, ಕೇಳುವ ಕೆಲಸ ಮಾತ್ರ ಅವನದು. ಮುಂದಿನ ಪಾಠ ಕಠಿಣ. ತೋಳಗಳು ಜೋಡಿಯಾಗುವದು ಆಶ್ವೀಜ-ಕಾರ್ತಿಕಗಳ ಸುಮಾರಿಗೆ, ಮರಿಹಾಕುವದು ಚಳಿಗಾಲದಲ್ಲಿ. ನರಿಗಳಾದರೋ ಹೆಚ್ಚಾಗಿ ಮಾಘ-ಫಾಲ್ಗುಣಗಳಲ್ಲಿ ಜೋಡಿಯಾಗಿ, ಸುಮಾರು 63 ದಿನ ಗರ್ಭ ಧರಿಸಿ, ಬೇಸಿಗೆಯಲ್ಲಿ ಮರಿಹಾಕುವವು. ಎರಡೂ ಒಂದೇ ಕುಲದವು. ಆದರೆ ಎರಡರ ಪಂಚಾಂಗ ಬೇರೆ. ಜೋಡಿಯನ್ನರಸುವ ಕೂಗು ಒಂದು ಕಾಲಕ್ಕೆ, ಮರಿಯ ಅಳುದನಿ ಇನ್ನೊಂದು ಕಾಲಕ್ಕೆ ಸಲ್ಲುವದು. ಈ ಭೇದವನ್ನರಿಯದೆ ವರ್ಷವಿಡೀ ಒಂದೇ ದನಿಯನ್ನು ಹೊರಡಿಸುವವನಿಗೆ ಬಯಲೇ ಉತ್ತರ. ಸವದತ್ತಿಯ ಎರೆಹೊಲಗಳಲ್ಲಿ ಬಿಳಿಜೋಳವು ಎದೆಯುದ್ದ ನಿಂತಾಗ ಬಂದ ನರಿಯು ಬೇಟೆಗಾರನಿಗೆ ಕಾಣದು. ಸುಗ್ಗಿಯಾಗಿ ಹೊಲವು ಬಯಲಾದಾಗ ಬೇಟೆಗಾರನೇ ನರಿಗೆ ಕಾಣುವನು. ಎಲ್ಲ ಕಾಲದಲ್ಲಿಯೂ ನಿಲ್ಲುವ ನಿಯಮ ಒಂದೇ: ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಕೂಗಬೇಕು, ಕೂಗಿ ಬಹಳ ಹೊತ್ತು ಸುಮ್ಮನಿರಬೇಕು.

ಇಂಥ ವಿದ್ಯೆಗೆ ಆಪತ್ತು ಬಂದುದು ಅಡವಿಯಿಂದಲ್ಲ, ಕಚೇರಿಯಿಂದ. 1857 ರ ನಿಶ್ಶಸ್ತ್ರೀಕರಣದ ಕಾಯಿದೆಯು ಬೇಟೆಯ ಕುಲಗಳ ಕೈಯಿಂದ ಆಯುಧಗಳನ್ನು ಕಸಿಯಹೊರಟಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರುಷದ ನವೆಂಬರದಲ್ಲಿ ಎದ್ದು ನಿಂತು ಹತರಾದರು. ಉರುಲನ್ನೂ ಕೊರಳನ್ನೂ ನಂಬಿದ ಹರಣಶಿಕಾರಿಗಳಿಗೆ ಆ ಕಾಯಿದೆಯಿಂದ ಅಷ್ಟಾಗಿ ನಷ್ಟವಿರಲಿಲ್ಲ. ಅವರಿಗೆ ಬಿದ್ದ ಪೆಟ್ಟು ಬೇರೆ. ಅಪರಾಧಿ ಬುಡಕಟ್ಟುಗಳ ಕಾಯಿದೆಯು 1871 ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಹುಟ್ಟಿ, 1911 ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಮುಂಬಯಿ ಇಲಾಖೆಯಲ್ಲಿ ಹರಣಶಿಕಾರಿಗಳೂ ಅದರ ಪಟ್ಟಿಗೆ ಸೇರಿದರು. ಹೆಸರು ದಾಖಲು, ಬೆರಳಿನ ಗುರುತು, ಗೊತ್ತಾದ ಹೊತ್ತಿಗೆ ಹಾಜರಿ. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು. ಋತುವಿನೊಡನೆ ನೆಲೆ ಬದಲಿಸುವದೂ ಮುಸ್ಸಂಜೆಯಲ್ಲಿ ಹೊರಬೀಳುವದೂ ಯಾವ ವಿದ್ಯೆಯ ಜೀವವೋ, ಆ ವಿದ್ಯೆಗೆ ಈ ಹಾಜರಿಯೇ ಉರುಲಾಯಿತು. ಕತ್ತಲಲ್ಲಿ ಬದುವಿನ ಮರೆಗೆ ಕುಳಿತವನು ನರಿಗಾಗಿ ಕುಳಿತನೇ ಕಳವಿಗಾಗಿ ಕುಳಿತನೇ ಎಂದು ಕೇಳುವ ತಾಳ್ಮೆ ಕಾಯಿದೆಗಿರಲಿಲ್ಲ. ತಂದೆಯೊಡನೆ ಅಡವಿಗೆ ಹೋಗದ ಮಗನಿಗೆ ಕೂಗು ಬರುವದೆಂತು?

ಮುಂಬಯಿ ಪ್ರಾಂತದಲ್ಲಿ ಆ ಕಾಯಿದೆಯು 1949 ರಲ್ಲಿ ರದ್ದಾಯಿತು, ದೇಶಕ್ಕೆಲ್ಲ 1952 ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. 1972 ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು, ಚಿಗರಿ ಓಡಾಡುತ್ತಿದ್ದ ಬಯಲಿಗೆ ಕಾಲುವೆಯ ನೀರು ಬರತೊಡಗಿತು. ಅದೇ ವರುಷ ವನ್ಯಜೀವಿ ಸಂರಕ್ಷಣೆಯ ಕಾಯಿದೆಯೂ ಹುಟ್ಟಿತು. 1991 ರ ತಿದ್ದುಪಡಿಯು ಪರವಾನಗಿಯ ಬೇಟೆಯನ್ನೂ ಕೊನೆಗಾಣಿಸಿತು. ಚಿಗರಿಯೂ ತೋಳವೂ ವಿರಳವಾದ ಮೇಲೆ ಇದು ನ್ಯಾಯವಾದುದೇ ಸರಿ. ಆದರೆ ಮೃಗವನ್ನು ಕಾಯುವದು ಬೇರೆ, ಮೃಗವನ್ನರಿತ ಮನುಷ್ಯನನ್ನು ಕಳ್ಳನೆಂದು ಕರೆಯುವದು ಬೇರೆ. ಮೊದಲನೆಯದಕ್ಕೆ ಎರಡನೆಯದು ಎಂದೂ ಅವಶ್ಯವಿರಲಿಲ್ಲ.

ಈಗ ಪ್ರಾಣಿಶಾಸ್ತ್ರಜ್ಞರು ಹಲವು ದೇಶಗಳಲ್ಲಿ ನರಿ-ತೋಳಗಳ ಕೂಗನ್ನು ಯಂತ್ರದಿಂದ ಕೇಳಿಸಿ, ಬಂದ ಉತ್ತರಗಳಿಂದ ಅವುಗಳ ಸಂಖ್ಯೆಯನ್ನು ಅಳೆಯುತ್ತಾರೆ. ಯಾವ ಋತುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ದನಿಗೆ ಉತ್ತರ ಬರುವದೆಂಬುದೇ ಅವರ ಪ್ರಶ್ನೆ. ಮಲಪ್ರಭೆಯ ದಡದ ಬಿಡಾರಗಳಲ್ಲಿ ಅದು ಒಂದು ಕಾಲಕ್ಕೆ ಹುಡುಗರ ಮೊದಲ ಪಾಠವಾಗಿತ್ತು. ಆ ಬಿಡಾರಗಳ ಮುದುಕರಲ್ಲಿ ಈ ನೆನಪು ಇನ್ನೂ ಉಳಿದಿದ್ದರೆ, ಅದನ್ನು ಕೇಳಿ ಬರೆದಿಡುವದು ಶಾಸನಗಳ ಪ್ರತಿ ತೆಗೆಯುವದಕ್ಕಿಂತ ಕಡಿಮೆಯ ಕೆಲಸವಲ್ಲ. ಶಾಸನದ ಕಲ್ಲು ಕಾದೀತು. ಮುದುಕರ ಕೊರಳು ಕಾಯಲಾರದು.