ಪ್ರಶ್ನೆ ಕೇಳುವವರ ಪಾಲು

ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲು. ಆ ಮೂವತ್ತಕ್ಕಾಗಿ ಗೈಡುಗಳು ಮನೋವಿಜ್ಞಾನಿ ಜೀನ್ ಪಿಯಾಜೆಯನ್ನು, ವಯಸ್ಸಿಗೊಂದು ಹಂತವೆಂಬ ನಾಲ್ಕು ಸಾಲಿನ ಕೋಷ್ಟಕಕ್ಕೆ ಇಳಿಸಿಬಿಟ್ಟಿವೆ. ಬಾಯಿಪಾಠಕ್ಕೇನೋ ಸಲೀಸು, ಅದೇ ಕೋಷ್ಟಕ ತರಗತಿಗೆ ಬಂದು ‘ಈ ವಯಸ್ಸಿಗೆ ಇದು ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪಾದಾಗ ಕಷ್ಟ. ಪಿಯಾಜೆ ಹೊರಟದ್ದೇ ಬೇರೆ ಕಡೆಯಿಂದ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಮತ್ತೆಯ ಪರೀಕ್ಷೆಗಳನ್ನು ಹದಗೊಳಿಸುವ ಕೆಲಸದಲ್ಲಿದ್ದಾಗ, ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುವುದೇಕೆ ಎಂಬುದು ಅವರನ್ನು ಕಾಡಿತು. ತಪ್ಪಿಗೂ ತರ್ಕವಿದೆ ಎಂಬ ಆ ಕಾಣ್ಕೆಯೇ ಅವರ ದೊಡ್ಡ ಕೊಡುಗೆ. ಹಂತಗಳೆಲ್ಲ ಆಮೇಲಿನ ಕಟ್ಟೋಣ.

ಆ ಕಟ್ಟೋಣಕ್ಕೆ ಬಲವಾದ ಪೆಟ್ಟು ಬಿದ್ದದ್ದು ಸ್ಕಾಟ್ಲೆಂಡಿನ ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ ಬಳಗದಿಂದ. ಪಿಯಾಜೆಯ ಪ್ರಯೋಗದಲ್ಲಿ ದೊಡ್ಡವರು ಬಿಲ್ಲೆಗಳ ಎರಡು ಸಾಲು ಜೋಡಿಸಿ ‘ಎರಡೂ ಸಮವೇ?’ ಎಂದು ಕೇಳುತ್ತಾರೆ, ಮಗು ಹೌದೆನ್ನುತ್ತದೆ. ಒಂದು ಸಾಲನ್ನು ಅಗಲಿಸಿ ಅದನ್ನೇ ಮತ್ತೆ ಕೇಳಿದರೆ, ಉದ್ದದ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತದೆ. 1974ರಲ್ಲಿ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಸಾಲು ಕೆಡಿಸುವ ಕೆಲಸವನ್ನು ತುಂಟ ಕರಡಿಗೊಂಬೆಗೆ ವಹಿಸಿದರು. ನಾಲ್ಕರಿಂದ ಆರರ ಆಸುಪಾಸಿನ 80 ಮಕ್ಕಳಲ್ಲಿ, ದೊಡ್ಡವರು ಸಾಲು ಬದಲಿಸಿದಾಗ ಸಮವೆಂದವರು 13. ಕರಡಿ ಕೆಡಿಸಿದಾಗ 50. ದೊಡ್ಡವರೇ ಸಾಲು ಬದಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕು ಎಂದುಕೊಳ್ಳುವುದು ಮಕ್ಕಳ ದಡ್ಡತನವಲ್ಲ, ಲೋಕಜ್ಞಾನ. ಆಕ್ಷೇಪವೂ ಬಂತು: ಕರಡಿಯ ಆಟದಲ್ಲಿ ಮೈಮರೆತ ಮಕ್ಕಳು ಸಾಲು ಬದಲಾದದ್ದನ್ನೇ ಗಮನಿಸಿಲ್ಲದಿರಬಹುದು. ಬಿಲ್ಲೆಗಳ ಸಂಖ್ಯೆಯೇ ಬದಲಾದಾಗಲೂ ಸಮವೆಂದ ಮಕ್ಕಳು ಮುಂದಿನ ಪ್ರಯೋಗಗಳಲ್ಲಿ ಸಿಕ್ಕರು. ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಪಿಯಾಜೆಯನ್ನು ಉಳಿಸುವುದೂ ಇಲ್ಲ. ಯಾರು ಕೇಳಿದರು, ಹೇಗೆ ಕೇಳಿದರು ಎಂಬುದನ್ನು ಬಿಟ್ಟು ಉತ್ತರವನ್ನು ಅಳೆಯಲಾಗದು ಎಂಬ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ.

ಮುಂದೆ ಕೆಲವರು ಹಸುಗೂಸುಗಳು ಎಷ್ಟು ಹೊತ್ತು ನೋಡುತ್ತವೆ ಎಂದು ಅಳೆದು ಪಿಯಾಜೆ ವರ್ಷಗಳಲ್ಲಿ ಹೇಳಿದ ವಯಸ್ಸನ್ನು ತಿಂಗಳುಗಳಿಗಿಳಿಸಿದರು. ಜಾಣ ಕೆಲಸವೇ, ಆದರೆ ದಿಟ್ಟಿಸಿ ನೋಡಿದ್ದನ್ನೆಲ್ಲ ತಿಳಿವಳಿಕೆ ಎನ್ನಬಹುದೇ ಎಂಬ ತಕರಾರು ಮುಗಿದಿಲ್ಲ. ನಮಗೆ ಹೆಚ್ಚು ಬೇಕಾದದ್ದು ಇನ್ನೊಂದು ದಾರಿ. ಕಲಿಕೆ ಮೊದಲು ಜನರ ನಡುವೆ, ಆಮೇಲೆ ಮನಸ್ಸಿನೊಳಗೆ ಎಂದ ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ 1934ರಲ್ಲಿ, 37ರ ಹರೆಯದಲ್ಲೇ ತೀರಿಕೊಂಡರು. ಅವರ ಮುಖ್ಯ ಕೃತಿ ಇಂಗ್ಲಿಷಿಗೆ ಬರಲು 1962 ಆಗಬೇಕಾಯಿತು. ಜನರ ನಡುವಿನ ಕಲಿಕೆಗೆ ಒಂದು ನಿದರ್ಶನ: 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಜಿಲ್‌ನ ರೆಸೀಫೆ ಪೇಟೆಯಲ್ಲಿ ತೆಂಗಿನಕಾಯಿ ಮುಂತಾದವನ್ನು ಮಾರುವ ಮಕ್ಕಳು ಗಿರಾಕಿಗೆ ಬಹುತೇಕ ತಪ್ಪದೆ ಹೇಳಿದ ಲೆಕ್ಕವನ್ನೇ ಕಾಗದದ ಮೇಲೆ ಹಲವು ಸಲ ತಪ್ಪಿದರು. ಐದೇ ಮಕ್ಕಳ ಅಧ್ಯಯನವೆಂದು ಮೂಗು ಮುರಿಯಬಹುದು. ಆದರೆ 2025ರಲ್ಲಿ ಪ್ರಕಟವಾದ, ಕೋಲ್ಕತ್ತ, ದೆಹಲಿಗಳ ಸಂತೆಗಳಲ್ಲಿ ನೂರಾರು ಮಕ್ಕಳ ಮೇಲೆ ನಡೆದ ಅಧ್ಯಯನವೂ ಅದನ್ನೇ ಕಂಡಿತು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತದ್ದನ್ನೂ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗುವಿಗೆ ಬಿಲ್ಲೆಗಳ ಪ್ರಶ್ನೆಯನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಏನಾಗುತ್ತದೆ, ಮನೆಮಾತಿನಲ್ಲಿ ಕೇಳಿದರೆ ಏನಾಗುತ್ತದೆ? ನಮ್ಮ ಗೈಡುಗಳಲ್ಲಿ ಅದಕ್ಕೆ ಸಾಲಿಲ್ಲ. ತರಗತಿಯ ಅಂಕಪಟ್ಟಿಯಲ್ಲೂ ಮಗುವಿನ ಅಂಕ ಬರೆಯಲು ಜಾಗವಿದೆ, ಕೇಳಿದ ಮಾತನ್ನು ಬರೆಯಲು ಇಲ್ಲ.