ವಿಕ್ಟೋರಿಯಾ ಕಾಲದ ಲಕ್ಷ್ಮಿ

ಕಳೆದ ಶುಕ್ರವಾರ ಅಲ್ ಗರಾಫಾದ ನಮ್ಮ ಮನೆಯಲ್ಲಿ ವಿಕ್ಟೋರಿಯಾ ಕಾಲದ ಚಿತ್ರಗಳ ಪ್ರತಿಗಳ ಪುಟ್ಟ ಪ್ರದರ್ಶನ ಇಟ್ಟಿದ್ದೆವು. ತಿಂಡಿಯೂ ಆ ಕಾಲದ್ದೇ: ಸೌತೆಕಾಯಿ ಸ್ಯಾಂಡ್‌ವಿಚ್, ಸ್ಪಂಜ್ ಕೇಕ್, ಚಹಾ. (ಮೊದಲು ಖಾಲಿಯಾದದ್ದು ಮಾತ್ರ ಪಕ್ಕದಲ್ಲಿದ್ದ ಕೋಸಂಬರಿ, ಬಿಡಿ.) ತಕರಾರು ಎದ್ದದ್ದು ರವಿವರ್ಮನ ಲಕ್ಷ್ಮಿಯ ಬಗ್ಗೆ. ಊರಿಂದ ಬಂದಿದ್ದ ಹಿರಿಯರೊಬ್ಬರು, "ದೇವರ ಪಟದ ಮುಂದೆ ಬೂಟು ಹಾಕ್ಕೊಂಡು ಕೇಕ್ ತಿನ್ನೋದೇನ್ರೀ?" ಎಂದರು.

ನಾವು ಅದನ್ನು ಚಿತ್ರವೆಂದು ತೂಗುಹಾಕಿದ್ದೆವು, ಅವರಿಗೆ ಅದು ದೇವರು. ಎರಡೂ ನಿಜವೇ. 1848ರಲ್ಲಿ ಹುಟ್ಟಿದ ರವಿವರ್ಮ ನಮ್ಮ ದೇವತೆಗಳನ್ನು ಬರೆದದ್ದು ಯುರೋಪಿನ ತೈಲವರ್ಣದಲ್ಲಿ, ಅಲ್ಲಿಯ ನೆರಳು-ಬೆಳಕಿನ ರೀತಿಯಲ್ಲಿ. 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯಕ್ಕೆ ಯಂತ್ರ, ಕುಶಲಕರ್ಮಿಗಳು ಬಂದದ್ದು ಜರ್ಮನಿಯಿಂದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು, ಒಂದರ ಮೇಲೊಂದು ಒತ್ತುವುದು. ನಮ್ಮ ಗಣಕದ ಭಾಷೆಯಲ್ಲಿ ಲೇಯರ್. ಹಾಗೆ ಅರಮನೆಯ ಚಿತ್ರ ಸಾಮಾನ್ಯರ ಗೋಡೆಗೆ ಇಳಿಯಿತು, ದೇವಸ್ಥಾನದೊಳಗೆ ಬಿಡದವರ ಮನೆಗೂ ಲಕ್ಷ್ಮಿ ಬಂದಳು. ನಮ್ಮ ಅಜ್ಜಿ ಆರತಿ ಎತ್ತುತ್ತಿದ್ದದ್ದು ಅಂಥದೇ ಪಟಕ್ಕೆ.

ಕೊನೆಗೆ ಲಕ್ಷ್ಮಿಯನ್ನು ಅಲ್ಲೇ ಬಿಟ್ಟು ತಿಂಡಿಯ ಮೇಜನ್ನು ವರಾಂಡಕ್ಕೆ ಸಾಗಿಸಿದೆವು. ಬಾಗಿಲಲ್ಲಿ ಬೂಟುಗಳು ಸಾಲುಗಟ್ಟಿದವು.