ಏಷ್ಯಾದಲ್ಲಿ ಸಲಿಂಗ ವಿವಾಹದ ಕಾನೂನು ಮಾನ್ಯತೆ

ಒಂದೇ ಲಿಂಗದ ಇಬ್ಬರು ವಯಸ್ಕರ ದಾಂಪತ್ಯವನ್ನು ಒಪ್ಪುವ ಕಾನೂನು ಏಷ್ಯಾದಲ್ಲಿ ಮೊದಲು ಜಾರಿಯಾದದ್ದು ತೈವಾನಿನಲ್ಲಿ, 2019ರ ಮೇ 24ರಂದು. 2023ರ ನವೆಂಬರ್‌ನಲ್ಲಿ ನೇಪಾಳದಲ್ಲಿ ಇಂಥ ಮೊದಲ ವಿವಾಹ ನೋಂದಣಿಯಾಯಿತು. ಥಾಯ್ಲೆಂಡಿನ ವಿವಾಹ ಸಮಾನತೆಯ ಕಾಯ್ದೆ 2025ರ ಜನವರಿ 23ರಂದು ಜಾರಿಗೆ ಬಂತು. ಉಳಿದ ಕಡೆ ಸಿಕ್ಕಿರುವುದು ಬಿಡಿಬಿಡಿಯಾದ ಅನುಕೂಲಗಳು: ಜಪಾನಿನಲ್ಲಿ ನಗರಾಡಳಿತಗಳು ಕೊಡುವ ಪ್ರಮಾಣಪತ್ರ, ದಕ್ಷಿಣ ಕೊರಿಯಾದಲ್ಲಿ ಸಂಗಾತಿಗೂ ಆರೋಗ್ಯ ವಿಮೆ, ಇಸ್ರೇಲಿನಲ್ಲಿ ಹೊರದೇಶದಲ್ಲಿ ಆದ ಮದುವೆಯ ದಾಖಲಾತಿ. ಈ ದೇಶಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ. ನ್ಯಾಯಾಲಯದ ತೀರ್ಪು ಎಷ್ಟೇ ಉದಾರವಾಗಿರಲಿ, ವಿವಾಹ ಕಾನೂನಿನ ವಾಕ್ಯಗಳೇ ಬದಲಾಗದೆ ದಂಪತಿಗಳ ಹಕ್ಕು ಗಟ್ಟಿಯಾಗುವುದಿಲ್ಲ.

ತೈವಾನಿನಲ್ಲಿ ಈ ಹೋರಾಟಕ್ಕೆ ಮೂರು ದಶಕಗಳ ಹಿನ್ನೆಲೆಯಿದೆ. ಚಿ ಚಿಯಾ-ವೇ 1986ರಲ್ಲೇ ತಮ್ಮ ಸಂಗಾತಿಯೊಂದಿಗೆ ಮದುವೆಯಾಗಲು ಅರ್ಜಿ ಹಾಕಿ, ನಿರಾಕರಣೆಯನ್ನು ಮತ್ತೆ ಮತ್ತೆ ಪ್ರಶ್ನಿಸುತ್ತ ಬಂದರು. 2017ರ ಮೇ 24ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 748ನೇ ವ್ಯಾಖ್ಯಾನದ ಮೂಲಕ ಅವರ ವಾದವನ್ನು ಎತ್ತಿಹಿಡಿಯಿತು. ಶಾಸನಸಭೆಗೆ ಎರಡು ವರ್ಷಗಳ ಗಡುವು ಕೊಟ್ಟದ್ದಲ್ಲದೆ, ಅಷ್ಟರೊಳಗೆ ಕಾನೂನು ಆಗದಿದ್ದರೆ ಇರುವ ಕಾನೂನಿನಡಿಯಲ್ಲೇ ನೋಂದಣಿ ಮಾಡಬೇಕು ಎಂದೂ ಸೇರಿಸಿತು. ಆ ಗಡುವಿನ ನಡುವೆ, 2018ರ ನವೆಂಬರ್‌ನಲ್ಲಿ ಜನಮತಗಣನೆ ನಡೆಯಿತು. ನಾಗರಿಕ ಸಂಹಿತೆಯ ವಿವಾಹ ಗಂಡು ಹೆಣ್ಣಿಗೇ ಮೀಸಲಿರಲಿ ಎಂದು ಬಹುಮತ ಹೇಳಿತು. ಸರ್ಕಾರ ಸಂಹಿತೆಯನ್ನು ಮುಟ್ಟದೆ 27 ಕಲಮುಗಳ ಪ್ರತ್ಯೇಕ ಕಾಯ್ದೆ ರಚಿಸಿತು. ಅದರ ಶೀರ್ಷಿಕೆಯಲ್ಲಿ ವಿವಾಹ ಎಂಬ ಪದವೇ ಇಲ್ಲ, 748ನೇ ವ್ಯಾಖ್ಯಾನವನ್ನು ಜಾರಿಗೊಳಿಸುವ ಕಾಯ್ದೆ ಎಂದಷ್ಟೇ ಇದೆ. ಈ ರಾಜಿಗೆ ದಂಪತಿಗಳು ಬೆಲೆ ತೆರಬೇಕಾಯಿತು. ಸಂಗಾತಿಯ ಸ್ವಂತ ಮಗುವನ್ನು ಬಿಟ್ಟು ಬೇರೆ ಮಗುವನ್ನು ಇಬ್ಬರೂ ಸೇರಿ ದತ್ತು ಪಡೆಯಲು ಅವರು 2023ರವರೆಗೆ ಕಾದರು.

ಇಂಥ ವಿಷಯವನ್ನು ಜನರೇ ತೀರ್ಮಾನಿಸಬೇಕು, ನ್ಯಾಯಾಧೀಶರಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಜನರ ಅಭಿಪ್ರಾಯವೂ ನಿಂತ ನೀರಲ್ಲ. ತೈವಾನ್ ಸರ್ಕಾರದ ಸಮೀಕ್ಷೆಯಲ್ಲಿ 2018ರಲ್ಲಿ ಶೇ 37ರಷ್ಟಿದ್ದ ಬೆಂಬಲ, ಕಾನೂನು ಜಾರಿಯಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಶೇ 60ನ್ನು ದಾಟಿತ್ತು. ಥಾಯ್ಲೆಂಡಿನ ಉದಾಹರಣೆ ಇನ್ನೂ ಬಲವಾದದ್ದು. ಅಲ್ಲಿ 2021ರಲ್ಲಿ ಸಾಂವಿಧಾನಿಕ ನ್ಯಾಯಾಲಯವೇ ಬಾಗಿಲು ಮುಚ್ಚಿತ್ತು. ಗಂಡು ಹೆಣ್ಣಿಗೆ ಮಾತ್ರ ಮದುವೆಯ ಅವಕಾಶ ಕೊಡುವ 1448ನೇ ಕಲಮು ಸಂವಿಧಾನಬದ್ಧ ಎಂದಿತ್ತು. ಅದೇ ಕಲಮನ್ನು ಚುನಾಯಿತ ಸಂಸತ್ತು ತಿದ್ದಿತು. 2024ರ ಮಾರ್ಚ್‌ನಲ್ಲಿ ಕೆಳಮನೆಯಲ್ಲಿ ಪರವಾಗಿ 400 ಮತ, ವಿರುದ್ಧ 10. ಜೂನ್‌ನಲ್ಲಿ ಸೆನೆಟ್ಟಿನಲ್ಲಿ 130ಕ್ಕೆ 4. ಪುರುಷ, ಸ್ತ್ರೀ ಎಂದಿದ್ದಲ್ಲಿ ಇಬ್ಬರು ವ್ಯಕ್ತಿಗಳು ಎಂದಾಯಿತು, ಮದುವೆಯ ವಯಸ್ಸು 17ರಿಂದ 18ಕ್ಕೆ ಏರಿತು, ಪತಿ ಪತ್ನಿಯರ ಜಾಗಕ್ಕೆ ಸಂಗಾತಿ ಬಂದರು.

ಇದು ಹೊರಗಿನಿಂದ ಬಂದದ್ದು, ನಮ್ಮ ಪರಂಪರೆಗೆ ಒಗ್ಗದು ಎಂಬ ಮಾತು ಈ ಎಲ್ಲ ದೇಶಗಳಲ್ಲೂ ಕೇಳಿಬಂದಿದೆ. ಕಾನೂನುಗಳ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಭಾರತದಲ್ಲಿ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮು 1860ರ ವಸಾಹತು ಸಂಹಿತೆಯದು. ತೈವಾನ್ ಮತ್ತು ಥಾಯ್ಲೆಂಡ್‌ಗಳ ವಿವಾಹ ಕಾನೂನು 1930ರ ದಶಕದ ಆಚೀಚೆ ಯುರೋಪಿನ ಮಾದರಿಯಲ್ಲಿ ರೂಪುಗೊಂಡದ್ದು. ಜಪಾನಿನ ಸಂವಿಧಾನದ 24ನೇ ವಿಧಿ ವಿವಾಹಕ್ಕೆ ಎರಡೂ ಲಿಂಗದವರ ಒಪ್ಪಿಗೆ ಸಾಕು ಎನ್ನುತ್ತದೆ. ಮನೆಯ ಯಜಮಾನನ ಅಂಕೆಯಿಂದ ಹೆಣ್ಣನ್ನು ಬಿಡಿಸಲು ಬರೆದ ಈ ಮಾತನ್ನು ಇಂದು ಇನ್ನೊಬ್ಬರನ್ನು ಹೊರಗಿಡಲು ಬಳಸುವುದು ಅದರ ಉದ್ದೇಶವನ್ನೇ ತಿರುವುಮುರುವು ಮಾಡಿದಂತೆ.

ಪೂರ್ಣ ವಿವಾಹವೇ ಏಕೆ, ಪ್ರಮಾಣಪತ್ರ ಸಾಲದೆ ಎಂದು ಕೇಳುವವರಿಗೆ ಜಪಾನೇ ಉತ್ತರ. ಟೋಕಿಯೊದ ಶಿಬುಯಾ ಮತ್ತು ಸೆಟಗಾಯಾ 2015ರಲ್ಲಿ ಆರಂಭಿಸಿದ ಪದ್ಧತಿ ದೇಶದ ಬಹುಭಾಗಕ್ಕೆ ಹರಡಿದೆ. ಬಾಡಿಗೆ ಮನೆ ಪಡೆಯಲು, ಆಸ್ಪತ್ರೆಯಲ್ಲಿ ಸಂಗಾತಿಯ ಬಳಿ ಇರಲು ಆ ಪತ್ರ ನೆರವಾಗುತ್ತದೆ. ಸಂಗಾತಿ ಉಯಿಲು ಬರೆಯದೆ ಸತ್ತರೆ ಆಸ್ತಿ ಮಾತ್ರ ದಕ್ಕುವುದಿಲ್ಲ. ಇನ್ನು ನೇಪಾಳದಲ್ಲಿ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕ ನೋಂದಣಿಗೆ ಮಧ್ಯಂತರ ಆದೇಶ ಕೊಟ್ಟಿತು. ಮುಂದಿನ ತಿಂಗಳೇ ಕಾಠ್ಮಂಡು ಜಿಲ್ಲಾ ನ್ಯಾಯಾಲಯ ಒಂದು ಜೋಡಿಯನ್ನು ವಾಪಸು ಕಳಿಸಿತು, ಏಕೆಂದರೆ ಸಂಹಿತೆಯಲ್ಲಿ ಪುರುಷ, ಮಹಿಳೆ ಎಂದೇ ಇತ್ತು. ಕೊನೆಗೆ ಅವರ ಮದುವೆಯನ್ನು ದಾಖಲಿಸಿದ್ದು ಲಮ್‌ಜುಂಗ್ ಜಿಲ್ಲೆಯ ಒಂದು ಗ್ರಾಮಾಡಳಿತ.

ಭಾರತದಲ್ಲಿ 377ನೇ ಕಲಮಿನ ಹಿಡಿತ 2018ರಲ್ಲಿ ಸಡಿಲವಾದರೂ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಿವಾಹ ಮೂಲಭೂತ ಹಕ್ಕಲ್ಲ ಎಂದಿತು. ವಿವಾಹವಲ್ಲದ ಮಾನ್ಯತೆಯ ಕೋರಿಕೆಯೂ 3–2ರಲ್ಲಿ ಬಿದ್ದಿತು. 2024ರಲ್ಲಿ ಕೇಂದ್ರ ಸರ್ಕಾರ ಜಂಟಿ ಬ್ಯಾಂಕ್ ಖಾತೆಗೆ, ಸಂಗಾತಿಯನ್ನು ನಾಮಿನಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ನಾಮಿನಿಯಾದವರು ಹಣವನ್ನು ಪಡೆದುಕೊಳ್ಳಬಹುದು, ಆದರೆ ಉಯಿಲು ಇಲ್ಲದಿದ್ದರೆ ಆ ಹಣದ ಒಡೆತನ ವಾರಸುದಾರರದೇ. ವರ್ಷಗಟ್ಟಲೆ ಜೊತೆಗಿದ್ದು ಮನೆ ಕಟ್ಟಿದವರನ್ನು ಹೀಗೆ ಪರಕೀಯರಾಗಿಸುವುದು ಅನ್ಯಾಯ. ವಿಶೇಷ ವಿವಾಹ ಕಾಯ್ದೆಯ ಒಂದು ಕಲಮನ್ನು ತಿದ್ದಿದರೆ ಹತ್ತಾರು ಕಾನೂನುಗಳು ತೊಡಕಾಗುತ್ತವೆ ಎಂಬುದು ಪೀಠದ ಬಹುಮತದ ಮುಖ್ಯ ಆತಂಕವಾಗಿತ್ತು. ನ್ಯಾಯಾಲಯಕ್ಕೆ ಅದು ನಿಜವಾದ ಮಿತಿ, ಶಾಸಕರಿಗಲ್ಲ. ಬೇರೆ ಕಾನೂನುಗಳಲ್ಲಿ ಪತಿ, ಪತ್ನಿ ಎಂದು ಬರುವಲ್ಲೆಲ್ಲ ಹೊಸ ಸಂಗಾತಿಗಳನ್ನೂ ಸೇರಿಸಿ ಓದಬೇಕೆಂದು ಥಾಯ್ ಕಾಯ್ದೆ ಹೇಳಿತು. ತೈವಾನ್ ಬೇರೆಯೇ ಕಾಯ್ದೆ ಬರೆಯಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದ ಮೇಲೆ, ಈ ಎರಡರಲ್ಲಿ ಒಂದು ದಾರಿಯನ್ನು ಆರಿಸುವ ಹೊಣೆ ಭಾರತದ ಸಂಸತ್ತಿನ ಮೇಲಿದೆ.